ಖಾಲಿ ಚೆಕ್ಕು

ನವೆಂಬರ್ 12, ಬುಧವಾರ, ರಾತ್ರಿ

ದೊಡ್ಡಮ್ಮನ ಕಪಾಟಿನ ಎರಡನೇ ಖಾನೆ ಇವತ್ತು ಮುಗಿಯಿತು. ವಿಮೆ ಕಾಗದ, ತೆರಿಗೆ ರಸೀದಿ, ಕಾಲು ಮುರಿದ 3 ಕನ್ನಡಕ. ಕನ್ನಡಕವನ್ನೂ ಆಸ್ತಿಪಟ್ಟಿಗೆ ಸೇರಿಸಬೇಕಾ? ವಕೀಲರನ್ನು ಕೇಳಿದರೆ ನಕ್ಕುಬಿಡುತ್ತಾರೆ.

ಎಲ್ಲದರ ಅಡಿಯಲ್ಲಿ ಒಂದು ಲಕೋಟೆ. ಮೇಲೆ ನನ್ನ ಹೆಸರು. ಒಳಗೆ ಒಂದೇ ಚೆಕ್ಕು. ತಾರೀಖಿಲ್ಲ, ಮೊತ್ತವಿಲ್ಲ, ಅವಳ ಸಹಿ ಮಾತ್ರ. ಕೊನೇ ಅಕ್ಷರ ಗೆರೆ ಬಿಟ್ಟು ಕೆಳಗೆ ಜಾರಿದೆ. ಜೊತೆಗೆ ಒಂದು ಚೀಟಿ: 'ಅರ್ಜೆಂಟಿಗೆ ಇರಲಿ.' ಅವಳ ಪರವಾಗಿ ಸಹಿ ಹಾಕಲು ನನಗೆ ಪವರ್ ಆಫ್ ಅಟಾರ್ನಿ ಮಾಡಿಕೊಟ್ಟ ಮೇಲೂ ಇದೇಕೆ? ಆ ಛಾಪಾ ಕಾಗದದ ಮೇಲೆ ಅವಳಿಗೆ ಮೊದಲಿಂದಲೂ ನಂಬಿಕೆ ಕಮ್ಮಿ.

ಅಣ್ಣ ಪಕ್ಕದಲ್ಲೇ ಕೂತಿದ್ದ.

"ಬರ್ಕೋ. ಬ್ಯಾಂಕಿಗೆ ಇನ್ನೂ ತಿಳಿಸಿಲ್ಲ ಅಲ್ವಾ?"

"ಆಗಲ್ಲ ಅಣ್ಣ."

"ಅಮ್ಮನೇ ಕೊಟ್ಟಿದ್ದಾಳಲ್ಲೋ. ಆಸ್ಪತ್ರೆ ಬಿಲ್ಲು ಕಟ್ಟಿದ್ದು ನಾನು. ಇದರಲ್ಲಿ ಕದಿಯೋದೇನು ಬಂತು?"

ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ಆ ದುಡ್ಡು ಅವನಿಗೆ ಬರಬೇಕಾದದ್ದೇ. ಆದರೆ 3 ವರ್ಷ ಅವಳ ಪರವಾಗಿ ಸಹಿ ಹಾಕಿದ ನನ್ನ ಅಧಿಕಾರ ಅವಳು ಹೋದ ಗಳಿಗೆಗೇ ಮುಗಿಯಿತು. ಅವಳ ಸಹಿಯೂ ಅಷ್ಟೇ. ಈಗ ನನ್ನ ಕೈಲಿರುವುದು ಉಯಿಲು ಒಂದೇ. ಅದನ್ನು ನಡೆಸಿಕೊಡಬೇಕಾದವನು ಅಂತ ಅದರಲ್ಲಿ ನನ್ನ ಹೆಸರಿದೆ. ಮೊದಲು ಅಂತ್ಯಕ್ರಿಯೆ ಖರ್ಚು, ಸಾಲ, ತೆರಿಗೆ. ಆಮೇಲೆ ಉಳಿದದ್ದು ಪಾಲಾಗುವುದು. ಆತುರಪಟ್ಟು ಹಂಚಿ, ಆಮೇಲೆ ಯಾರೋ ಸಾಲದ ಪತ್ರ ಹಿಡಿದು ಬಂದರೆ ನನ್ನ ಜೇಬಿಗೇ ಕತ್ತರಿ. ಇದನ್ನೆಲ್ಲ ಹೇಳಿದೆ. ಹೇಳುವಾಗ ನನ್ನ ದನಿ ನನಗೇ ಕಚೇರಿ ಗುಮಾಸ್ತನ ಹಾಗೆ ಕೇಳಿಸಿತು.

"ಬಿಲ್ಲು ಕೊಡಣ್ಣ. ಸಾಲದ ಪಟ್ಟಿಯಲ್ಲಿ ಮೇಲೇ ಬರೆಯುತ್ತೇನೆ."

"ನಾನು ಸಾಲ ಕೊಟ್ಟವನಾ? ಮಗ ಕಣೋ ನಾನು."

ಆಮೇಲೆ ತುಂಬಾ ಹೊತ್ತು ಇಬ್ಬರೂ ಮಾತಾಡಲಿಲ್ಲ. ಅವನು ಕನ್ನಡಕದ ಕಾಲು ಜೋಡಿಸಲು ನೋಡುತ್ತಿದ್ದ. ತಲೆ ಎತ್ತದೆಯೇ ಕೇಳಿದ: "ಉಯಿಲಲ್ಲಿ ನನ್ನ ಬಿಟ್ಟು ನಿನ್ನ ಹೆಸರು ಯಾಕೆ ಬರೆದಳು?"

ಗೊತ್ತಿಲ್ಲ ಅಂದೆ. ಗೊತ್ತು. ಉಯಿಲು ಬರೆಸಿ ಬಂದ ದಿನ ಅವಳೇ ಹೇಳಿದ್ದಳು: "ಅವನು ಯಾರು ಕೇಳಿದರೂ ಕೊಟ್ಟುಬಿಡ್ತಾನೆ. ನೀನು ಸ್ವಲ್ಪ ಜಿಪುಣ." ಹೊಗಳಿದ್ದೋ ಬೈದದ್ದೋ ಇವತ್ತಿಗೂ ತಿಳಿದಿಲ್ಲ. ಅವನಿಗೆ ಹೇಳಿದರೆ ಅವನು ನಗುತ್ತಾನಾ?

ಅಂದಹಾಗೆ ಅವಳ ಫೋನಿನ ಪಾಸ್‌ವರ್ಡ್ ಸಿಕ್ಕಿತು. 2 ವಾರ ಹುಡುಕಿದ್ದೆ. ಕ್ಯಾಲೆಂಡರಿನ ಹಿಂದೆ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದಳು, ಪಕ್ಕದಲ್ಲೇ 'ಯಾರಿಗೂ ಹೇಳಬಾರದು'.

ನಾಳೆ ಬ್ಯಾಂಕಿಗೆ ಹೋಗಬೇಕು. ಮರಣ ಪ್ರಮಾಣಪತ್ರದ ಇನ್ನಷ್ಟು ಪ್ರತಿ ಬೇಕು. ಎಲ್ಲಿಗೆ ಹೋದರೂ ಒಂದು ಇಟ್ಟುಕೊಳ್ಳುತ್ತಾರೆ.

ಚೆಕ್ಕಿನ ಮೇಲೆ ಅಡ್ಡ ಗೆರೆ ಎಳೆದು 'ರದ್ದು' ಅಂತ ಬರೆದು ಫೈಲಿಗೆ ಹಾಕಬೇಕು. ಪೆನ್ನು ಹಿಡಿದು ಕೂತು ಅರ್ಧ ಗಂಟೆಯಾಯಿತು. ಸಹಿ ಇರುವ ಮೂಲೆಗೆ ತಾಗದ ಹಾಗೆ ಎಳೆದರೆ ನಡೆಯುತ್ತಾ, ಅಥವಾ