ಭರತಿ-ಸುಕತಿ ಬಲ್ಲ ಮಗುವಿಗೆ ಉಬ್ಬರ-ಇಳಿತ ಕಲಿಸುವುದು

"ಮನೇಲಿ ಕೊಂಕಣಿ ಮಾತಾಡೋದು ಬಿಟ್ರೆ ಮಗುವಿಗೆ ಎಸ್ಸೆಸ್ಸೆಲ್ಸಿ ಸುಲಭ ಆಗ್ತದಾ ಸರ್?" ಜೂನ್ ಬಂತೆಂದರೆ ಕಾರವಾರ, ಅಂಕೋಲೆಯ ಪಾಲಕರು ಕೇಳುವ ಪ್ರಶ್ನೆ ಇದು. ಬೆನ್ನಿಗೇ ಇನ್ನೊಂದು: "ಕೊಂಕಣಿಯನ್ನೇ ಪರೀಕ್ಷೆಗೆ ತಗೊಳ್ಳೋಕೆ ಬರ್ತದಾ?" ಮೊದಲನೆಯದಕ್ಕೆ ನನ್ನ ಉತ್ತರ: ದಯವಿಟ್ಟು ಬಿಡಬೇಡಿ. ಎರಡನೆಯದಕ್ಕೆ: ಬರುತ್ತದೆ, ಆದರೆ ಆರನೇ ತರಗತಿಗೆ ಸೇರಿಸುವಾಗಲೇ ಕೇಳಬೇಕು.

ಎರಡನೆಯದನ್ನು ಮೊದಲು ಮುಗಿಸುತ್ತೇನೆ. ಕೊಂಕಣಿ 1992ರಲ್ಲಿ ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿತು. ನಮ್ಮ ರಾಜ್ಯದ ಶಾಲೆಗಳಿಗೆ ಅದು 2007-08ರಲ್ಲಿ, ಆರನೇ ತರಗತಿಯಿಂದ ಐಚ್ಛಿಕ ತೃತೀಯ ಭಾಷೆಯಾಗಿ ಬಂತು. ಹಳಿಯಾಳದ ಮರಾಠಿ ಮಗುವಿಗೆ, ಭಟ್ಕಳದ ಉರ್ದು ಮಗುವಿಗೆ ತಮ್ಮ ಭಾಷೆಯನ್ನು 125 ಅಂಕದ ಪ್ರಥಮ ಭಾಷೆಯಾಗಿಯೇ ತೆಗೆದುಕೊಳ್ಳುವ ದಾರಿ ಇದೆ. ಕೊಂಕಣಿಗೆ ಇರುವುದು ತೃತೀಯ ಭಾಷೆಯ ಜಾಗ ಮಾತ್ರ. ಪಠ್ಯ ಆರರಿಂದ ಮೆಟ್ಟಿಲು ಮೆಟ್ಟಿಲಾಗಿ ಏರುವುದರಿಂದ ಎಂಟನೇ ತರಗತಿಯಲ್ಲಿ ನೆನಪಾದರೆ ತಡವಾಯಿತು. ಲಿಪಿ ಕನ್ನಡವೂ ಇದೆ, ದೇವನಾಗರಿಯೂ ಇದೆ. ಮುಂದೆ ಗೋವಾದಲ್ಲಿ ಓದುವ, ದುಡಿಯುವ ಯೋಚನೆ ಇದ್ದವರಿಗೆ ದೇವನಾಗರಿ ಒಳ್ಳೆಯದು, ಅಲ್ಲಿಯ 1987ರ ರಾಜಭಾಷಾ ಕಾಯ್ದೆ ಒಪ್ಪಿದ್ದು ಆ ಲಿಪಿಯ ಕೊಂಕಣಿಯನ್ನು. ಉಳಿದವರಿಗೆ ಕನ್ನಡ ಲಿಪಿಯೇ ಹಗುರ. ತೃತೀಯ ಭಾಷೆಯ ಅಂಕ, ಪಾಸಿನ ನಿಯಮಗಳು ಬದಲಾಗುತ್ತಿರುತ್ತವೆ, ಆಯಾ ವರ್ಷದ ಸುತ್ತೋಲೆಯನ್ನೇ ನಂಬಿ. ವಿಚಾರಿಸುವಾಗಲೂ ಒಂದು ಮಾತು ನೆನಪಿರಲಿ: ನಮ್ಮ ಉತ್ತರ ಕನ್ನಡದಲ್ಲಿ ಎರಡು ಶೈಕ್ಷಣಿಕ ಜಿಲ್ಲೆ. ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಗೆ ಕಾರವಾರದ ಡಿಡಿಪಿಐ (ಶಿಕ್ಷಣ ಇಲಾಖೆಯ ಉಪನಿರ್ದೇಶಕರ) ಕಚೇರಿ. ಜೋಯಿಡಾ, ಹಳಿಯಾಳ, ಯಲ್ಲಾಪುರ, ಮುಂಡಗೋಡ, ಸಿದ್ದಾಪುರಕ್ಕೆ ಶಿರಸಿಯದು.

ಇನ್ನು ಕೊಂಕಣಿ ಬಿಡುವ ಮಾತು. ಮಗು ವಿಜ್ಞಾನ, ಸಮಾಜ ವಿಜ್ಞಾನದಲ್ಲಿ ಎಡವುವುದು ಮನೆಮಾತಿನಿಂದಲ್ಲ, ಪುಸ್ತಕದ ಪದಗಳಿಂದ. ಕಾಳಿ ನದಿಯ ದಡದ ಮಗುವಿಗೆ ಭರತಿ (ಉಬ್ಬರ) ಯಾವಾಗ, ಸುಕತಿ (ಇಳಿತ) ಯಾವಾಗ ಎಂದು ಕೇಳಿ ನೋಡಿ, ತಟ್ಟನೆ ಹೇಳುತ್ತದೆ. ಅದೇ ಮಗು "ಉಬ್ಬರ ಇಳಿತಗಳಿಗೆ ಕಾರಣವೇನು?" ಎಂಬ ಪ್ರಶ್ನೆ ಕಂಡು ಪೆನ್ನು ಕಚ್ಚುತ್ತದೆ. ಆದ್ದರಿಂದ ಪಾಠ ಶುರುವಾಗಬೇಕಾದ್ದು ಮಗುವಿಗೆ ಗೊತ್ತಿರುವ ಕಡೆಯಿಂದ. ತಿಸ್ರೆ ಎಂಬ ಚಿಪ್ಪುಮೀನು ಹೆಕ್ಕಲು ಇವತ್ತು ಹೋದ ಹೊತ್ತಿಗೇ ನಾಳೆ ಹೋದರೆ ನೀರು ಅಷ್ಟೇ ಇಳಿದಿರುತ್ತದೆಯೇ ಎಂದು ಕೊಂಕಣಿಯಲ್ಲೇ ಕೇಳಿ. ಇಲ್ಲ, ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಗೆ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಚಂದ್ರನ ಸೆಳೆತದ ಮಾತಿಗೆ ಇಲ್ಲಿಂದ ಒಂದೇ ಹೆಜ್ಜೆ. ಆಮೇಲೆ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆಸಿ: ಮನೆಯ ಪದ, ಪುಸ್ತಕದ ಪದ, ಆ ಪುಸ್ತಕದ ಪದ ಹಾಕಿ ಮಗುವೇ ಕಟ್ಟಿದ ಒಂದು ಕನ್ನಡ ವಾಕ್ಯ. ಪಾಠಕ್ಕೆ ಹತ್ತು ಪದ ಸಾಕು.

ಮೂರನೇ ಕಾಲಂ ಬಿಟ್ಟರೆ ಈ ಕೆಲಸ ಕೆಡುತ್ತದೆ. ಬರೀ ಜೋಡಿಪದ ಬಾಯಿಪಾಠ ಮಾಡಿದ ಮಗು ವಾಕ್ಯ ಬರೆಯಲಾರದು. ಇಡೀ ಪಾಠವನ್ನು ಕೊಂಕಣಿಯಲ್ಲೇ ವಿವರಿಸಿ ಗಂಟೆ ಹೊಡೆಸಿಕೊಳ್ಳುವುದೂ ಅಷ್ಟೇ ತಪ್ಪು. ಅರ್ಥವಾಗಿರುತ್ತದೆ, ಉತ್ತರ ಮಾತ್ರ ಹುಟ್ಟುವುದಿಲ್ಲ. ಉತ್ತರಪತ್ರಿಕೆಯಲ್ಲಿ "ಭರತಿ" ಎಂದು ಬರೆದರೆ ದೂರದ ಜಿಲ್ಲೆಯ ಮೌಲ್ಯಮಾಪಕರಿಗೆ ಅದು ತಿಳಿಯಬೇಕೆಂದೇನಿಲ್ಲ.

ವ್ಯಾಕರಣದಲ್ಲಿ ಒಂದು ಜಾಗದ ಮೇಲೆ ಕಣ್ಣಿಡಿ. ಕೊಂಕಣಿಯಲ್ಲಿ ವಸ್ತುಗಳಿಗೂ ಲಿಂಗವಿದೆ: ರೂಕ (ಮರ) ಪುಲ್ಲಿಂಗ, ವಾಟ (ದಾರಿ) ಸ್ತ್ರೀಲಿಂಗ, ಘರ (ಮನೆ) ನಪುಂಸಕ. ಭೂತಕಾಲದಲ್ಲಿ ಕ್ರಿಯಾಪದ ತಿಂದವರನ್ನಲ್ಲ, ತಿಂದದ್ದನ್ನು ಅನುಸರಿಸುತ್ತದೆ. ಅವಳು ಮಾವಿನಹಣ್ಣು ತಿಂದರೆ "ತಿಣೆ ಆಂಬೊ ಖಾಲ್ಲೊ", ಅವನು ಭಾಕರಿ (ರೊಟ್ಟಿ) ತಿಂದರೆ "ತಾಣೆ ಭಾಕರಿ ಖಾಲ್ಲಿ", ಏಕೆಂದರೆ ಆಂಬೊ ಪುಲ್ಲಿಂಗ, ಭಾಕರಿ ಸ್ತ್ರೀಲಿಂಗ. ಹೀಗಿರುವಾಗ ಕನ್ನಡದ "ತಿಂದಳು", "ತಿಂದನು" ತಪ್ಪಿಹೋದರೆ ಅದನ್ನು ದಡ್ಡತನ ಎನ್ನಬಾರದು. ಎರಡೂ ವಾಕ್ಯ ಪಕ್ಕಪಕ್ಕ ಬರೆದು ತೋರಿಸಿ. "ಮಾಕಾ ಭೂಕ ಲಾಗ್ಲಿ", "ನನಗೆ ಹಸಿವಾಯಿತು" ಎಂಬಲ್ಲಿ ಎರಡು ಭಾಷೆ ಒಂದೇ ದಾರಿ ಹಿಡಿಯುತ್ತವೆ, ಅದನ್ನೂ ತೋರಿಸಿ.

ಶಿರಸಿ, ಸಿದ್ದಾಪುರದ ಶಿಕ್ಷಕರಿಗೂ ಇದು ಬೇಕು. ಹವ್ಯಕ ಮನೆಯಲ್ಲಿ "ಅಕ್ಕ ಬಂದಳು" ಅಲ್ಲ, "ಅಕ್ಕ ಬಂತು" ಎಂದೇ ಮಾತು. ಆ ಮಗು ದಾಖಲೆಯಲ್ಲಿ ಕನ್ನಡದ್ದು ಎಂದಿರುವುದರಿಂದಲೇ ಅದರ ಪುಸ್ತಕಗನ್ನಡದ ಕಷ್ಟ ಯಾರಿಗೂ ಕಾಣುವುದಿಲ್ಲ.

ಮನೆಮಾತು ಅಂಕ ದುಡಿದುಕೊಡುವ ಜಾಗವೂ ಒಂದಿದೆ, ಆಂತರಿಕ ಮೌಲ್ಯಮಾಪನ. ವಿಷಯಕ್ಕೆ 100ರಲ್ಲಿ 20 ಅಂಕ ಶಾಲೆಯ ಕೈಯಲ್ಲೇ ಇವೆ. ಕುಮಟಾ ಕಡೆಯ, ಉಪ್ಪುನೀರು ನುಗ್ಗುವ ಗಜನಿ ಗದ್ದೆಯ ಕಗ್ಗ ಭತ್ತ ಉಪ್ಪುನೀರು ತಡೆಯುವುದು ಹೇಗೆ, ಅಘನಾಶಿನಿ ನದಿಯಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕುವ ಕಾಲ ಯಾವುದು ಎಂಬ ಯೋಜನೆ ಕೊಡಿ. ಸಂದರ್ಶನ ಅಜ್ಜಿಯ ಭಾಷೆಯಲ್ಲಿ ನಡೆಯಲಿ, ಟಿಪ್ಪಣಿಯೂ ಅದೇ ಭಾಷೆಯಲ್ಲಿರಲಿ, ವರದಿ ಮಾತ್ರ ಕನ್ನಡದಲ್ಲಿ. ಟಿಪ್ಪಣಿಯ ಹಾಳೆಯನ್ನೂ ವರದಿಗೆ ಲಗತ್ತಿಸಿದರೆ ನಕಲು ಹೊಡೆದದ್ದಲ್ಲ ಎಂಬುದಕ್ಕೆ ಅದೇ ಸಾಕ್ಷಿ.

ಪಾಲಕರಿಗೆ ಕೊನೆಯದಾಗಿ ಒಂದು ಕೆಲಸ. ದಾಖಲಾತಿ ಅರ್ಜಿಯ ಮಾತೃಭಾಷೆ ಕಾಲಂನಲ್ಲಿ ಬಹಳ ಮಂದಿ ಕನ್ನಡ ಎಂದು ಬರೆದುಬಿಡುತ್ತಾರೆ. ಕೊಂಕಣಿಯಾದರೆ ಕೊಂಕಣಿ ಎಂದೇ ಬರೆಯಿರಿ. ಕೊಂಕಣಿ ಶಿಕ್ಷಕರು ಬೇಕೆಂದು ಶಾಲೆ ಮುಂದೊಂದು ದಿನ ಮನವಿ ಕೊಟ್ಟಾಗ, ಎಷ್ಟು ಮಕ್ಕಳಿದ್ದಾರೆ ಎಂಬ ಪ್ರಶ್ನೆಗೆ ಉತ್ತರ ಆ ಕಾಲಂನಿಂದಲೇ ಬರಬೇಕು.