ಎಷ್ಟು ದಿನ ಇಟ್ಟಿರ್ತೀರಾ?

ನಾನು ಐರ್ಲೆಂಡಿನ ಡಬ್ಲಿನ್‌ನಲ್ಲಿ ಸಾಲಿಸಿಟರ್, ಅಂದರೆ ಒಂದು ಬಗೆಯ ವಕೀಲೆ. ಊರಲ್ಲಿ ಅಮ್ಮನಿಗೆ ಇದನ್ನು ವಿವರಿಸಿ ಸಾಕಾಗಿದೆ. "ಕೋರ್ಟಲ್ಲಿ ನಿಂತು ವಾದ ಮಾಡ್ತೀಯೋ ಇಲ್ವೋ, ಅದನ್ನ ಹೇಳು" ಅಂತಾರೆ. ಇಲ್ಲಿ ಮೇಲಿನ ಕೋರ್ಟುಗಳಲ್ಲಿ ಎದ್ದು ನಿಂತು ವಾದ ಮಾಡುವವರು ಹೆಚ್ಚಾಗಿ ಬ್ಯಾರಿಸ್ಟರ್‌ಗಳು. ಕಕ್ಷಿದಾರರ ಎದುರು ಕೂತು ಕಥೆ ಕೇಳೋದು, ನೋಟಿಸ್ ಬರೆಯೋದು, ದಾಖಲೆ ಕೂಡಿಹಾಕೋದು ನಮ್ಮ ಪಾಲು. ನನ್ನ ಮೇಜಿಗೆ ಬರೋದು ಬಹುಪಾಲು ಡೇಟಾ ಜಗಳಗಳು. ಯಾರ ಮಾಹಿತಿ ಯಾರ ಹತ್ತಿರ ಇದೆ, ಯಾಕಿದೆ, ಎಷ್ಟು ದಿನದಿಂದ ಇದೆ.

ಈ ಕೊನೆಯ ಪ್ರಶ್ನೆಯನ್ನು ಮೊದಲು ಕೇಳಬೇಕು ಅಂತ ಕಲಿತದ್ದು ಒಂದು ಕೇಸ್ ಕೆಡಿಸಿಕೊಂಡ ಮೇಲೆ.

2019ರ ಜುಲೈ. ಚಿತ್ರದುರ್ಗ ಕಡೆಯ ಹುಡುಗ ಒಬ್ಬ ಬಂದ. ಗೋದಾಮಿನಲ್ಲಿ ನೈಟ್ ಶಿಫ್ಟ್ ಕೆಲಸ. ಒಂದು ರಾತ್ರಿ ಫೋನ್‌ಗಳಿದ್ದ ಡಬ್ಬ ಕಾಣೆಯಾಗಿದೆ, ಇವನ ಮೇಲೆ ಹೊರಿಸಿದ್ದಾರೆ, ವಾರದೊಳಗೆ ಕೆಲಸದಿಂದ ತೆಗೆದಿದ್ದಾರೆ. "ನಾನು ಆ ಬಾಗಿಲ ಕಡೆಗೇ ಹೋಗಿಲ್ಲ ಅಕ್ಕಾ. ಮೇಲೆ ಕ್ಯಾಮೆರಾ ಇದೆ, ನೋಡ್ಕೊಳ್ಳಲಿ" ಅಂದ. ಕ್ಯಾಮೆರಾ ಇದೆ ಅಂದ ಕೂಡಲೇ ನನಗೆ ನೆಮ್ಮದಿ ಆಯಿತು. ಆ ನೆಮ್ಮದಿಯೇ ಮುಳುವಾಯಿತು.

ನಾನು ಕೂತು ಆರು ಪುಟದ ನೋಟಿಸ್ ಬರೆದೆ. ಕಾನೂನಿನ ಕಲಂ, ಹಳೇ ತೀರ್ಪು, ಎಲ್ಲ ಇತ್ತು. ತಿದ್ದಿದೆ, ಮತ್ತೆ ತಿದ್ದಿದೆ. ಸೀನಿಯರ್‌ಗೆ ತೋರಿಸಿದೆ. (ಇಲ್ಲಿ ಸೀನಿಯರನ್ನೂ ಹೆಸರು ಹಿಡಿದೇ ಕರೀಬೇಕು. ನನಗೆ ಈಗಲೂ ನಾಲಿಗೆ ತೊಡರುತ್ತದೆ.) ಕೊನೆಗೆ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಕಳಿಸಿದಾಗ ಘಟನೆ ನಡೆದು 27 ದಿನ. ಮಧ್ಯೆ ಆಗಸ್ಟ್‌ನ ಮೊದಲ ಸೋಮವಾರದ ಬ್ಯಾಂಕ್ ರಜೆ ಬಂತು. ಕಾಗದ ಅವರ ಕೈ ಸೇರಿದ್ದು 32ನೇ ದಿನ.

ಉತ್ತರ ಚೊಕ್ಕವಾಗಿತ್ತು. ದೃಶ್ಯಗಳನ್ನು 30 ದಿನ ಇಡುತ್ತೇವೆ, ಆಮೇಲೆ ಅದೇ ಡಿಸ್ಕ್ ಮೇಲೆ ಹೊಸದು ರೆಕಾರ್ಡ್ ಆಗುತ್ತದೆ, ವಿಷಾದಿಸುತ್ತೇವೆ.

ಸೀನಿಯರ್ ಬೈಯಲಿಲ್ಲ. "ಹುಡುಗ ಬಂದ ದಿನವೇ ಒಂದು ಇಮೇಲ್ ಹಾಕಿದ್ಯಾ?" ಅಂತ ಮಾತ್ರ ಕೇಳಿದರು. ಬೈದಿದ್ದರೇ ವಾಸಿ ಇತ್ತು.

30 ದಿನ ಅಂತ ಯಾವ ಕಾನೂನಿನಲ್ಲೂ ಬರೆದಿಲ್ಲ, ಗೊತ್ತಾ? ಯುರೋಪಿನ ಡೇಟಾ ಕಾನೂನು ಜಿಡಿಪಿಆರ್ ಹೇಳುವುದು ಇಷ್ಟೇ: ಕೆಲಸಕ್ಕೆ ಬೇಕಾದಷ್ಟು ದಿನ ಇಟ್ಟುಕೋ, ಅದಕ್ಕಿಂತ ಜಾಸ್ತಿ ಬೇಡ. ಎಷ್ಟು ಅಂತ ಇಟ್ಟುಕೊಂಡವರೇ ತೀರ್ಮಾನಿಸಿ ಸಮರ್ಥನೆ ಕೊಡಬೇಕು. ಅವರು ನಿಯಮ ಮುರಿದಿರಲಿಲ್ಲ. ಹೊತ್ತಿಗೆ ಸರಿಯಾಗಿ ಅಳಿಸಿ ಒಳ್ಳೆಯವರೇ ಆಗಿದ್ದರು. ನಿದ್ದೆ ಮಾಡಿದ್ದು ನಾನು.

ಈಗ ಯಾರೇ ಬಂದರೂ ಅವರ ಕಥೆ ಪೂರ್ತಿ ಕೇಳುವ ಮೊದಲೇ ನಾಲ್ಕು ಸಾಲು ಹೋಗುತ್ತದೆ. "ಇಂಥ ತಾರೀಕು, ರಾತ್ರಿ 1ರಿಂದ 4ರ ತನಕ, ಹಿಂಬಾಗಿಲ ಕ್ಯಾಮೆರಾ. ಇದರಲ್ಲಿ ನನ್ನ ಕಕ್ಷಿದಾರರು ಇದ್ದಾರೆ. ಜಿಡಿಪಿಆರ್‌ನ 15ನೇ ವಿಧಿಯಂತೆ ಪ್ರತಿ ಕೊಡಿ. ಕೊಡುವ ತನಕ ಅಳಿಸಬೇಡಿ." ಇದಕ್ಕೆ ವಕೀಲರೂ ಬೇಡ, ಸಾಮಾನ್ಯವಾಗಿ ಫೀಸೂ ಇಲ್ಲ. ನೀವೇ ಬರೆಯಬಹುದು. ಉತ್ತರ ಕೊಡಲು ಅವರಿಗೆ ಒಂದು ತಿಂಗಳಿದೆ, ಕಷ್ಟದ ಕೇಸಾದರೆ ಇನ್ನೆರಡು. ತಾರೀಕು, ಗಂಟೆ, ಜಾಗ ಹೇಳದೆ "ನನ್ನದೆಲ್ಲ ಕೊಡಿ" ಅಂದರೆ ಮಾತ್ರ ಸುಮ್ನೆ ಪತ್ರ ವ್ಯವಹಾರ ಬೆಳೆಯುತ್ತದೆ.

ತಮಾಷೆ ಏನು ಅಂದರೆ, ಬೆಳಿಗ್ಗೆ "ಅಳಿಸಬೇಡಿ" ಅಂತ ಬರೆದ ಕೈಯೇ ಮಧ್ಯಾಹ್ನ "ಇಷ್ಟು ದಿನ ಯಾಕೆ ಇಟ್ಟಿದ್ದೀರಿ, ಅಳಿಸಿ" ಅಂತ ಬರೆಯುತ್ತದೆ. ಐರ್ಲೆಂಡಿನ ಡಿಜಿಟಲ್ ಹಕ್ಕಿನ ದೊಡ್ಡ ಜಗಳವೂ ಇದರ ಸುತ್ತಲೇ ನಡೆದಿದೆ. ಯುರೋಪಿನ 2006ರ ನಿರ್ದೇಶನವೊಂದು ಎಲ್ಲರ ಫೋನ್, ಇಂಟರ್ನೆಟ್ ವಿವರಗಳನ್ನು 6 ತಿಂಗಳಿಂದ 2 ವರ್ಷ ಇಡಿ ಅಂತ ಕಂಪನಿಗಳಿಗೆ ಹೇಳಿತ್ತು. ಮಾತಲ್ಲ, ವಿವರ ಮಾತ್ರ: ಯಾರು ಯಾರಿಗೆ, ಎಷ್ಟು ಹೊತ್ತಿಗೆ, ಎಲ್ಲಿಂದ. ಇಷ್ಟಕ್ಕೆ ಏನಾಗತ್ತೆ ಅಂತೀರಾ? ಯಾರು ಯಾರ ಮನೆ ಜಗುಲಿ ಮೇಲೆ ಎಷ್ಟೊತ್ತು ಕೂತಿದ್ದರು ಅನ್ನೋದಷ್ಟೇ ನಮ್ಮೂರಿಗೆ ಸಾಕು. ಒಳಗಿನ ಮಾತು ಯಾರಿಗೂ ಕೇಳಿಸಬೇಕಾಗಿಲ್ಲ. ಡಿಜಿಟಲ್ ರೈಟ್ಸ್ ಐರ್ಲೆಂಡ್ ಅನ್ನುವ ಪುಟ್ಟ ಸಂಸ್ಥೆ ಇದರ ವಿರುದ್ಧ ಡಬ್ಲಿನ್ ಹೈಕೋರ್ಟಿಗೆ ಹೋಯಿತು. ಕೇಸ್ ಲಕ್ಸೆಂಬರ್ಗ್‌ನ ಯುರೋಪಿಯನ್ ನ್ಯಾಯಾಲಯ ಮುಟ್ಟಿ, 2014ರ ಏಪ್ರಿಲ್ 8ರಂದು ಆ ನಿರ್ದೇಶನವೇ ರದ್ದಾಯಿತು.

ಪತ್ರಕರ್ತರಿಗೆ ಇದು ಇನ್ನೂ ಹತ್ತಿರದ ವಿಷಯ. ಗಾರ್ಡಾ, ಅಂದರೆ ಇಲ್ಲಿನ ಪೊಲೀಸರ ಮೇಲೆ ಆಗ ಕಣ್ಣಿಡುತ್ತಿದ್ದ ಆಯೋಗವೇ ಪತ್ರಕರ್ತರ ಫೋನ್ ವಿವರ ತರಿಸಿಕೊಂಡಿತ್ತು ಅಂತ 2016ರಲ್ಲಿ ಗಲಾಟೆಯಾಯಿತು. ಸುದ್ದಿ ಕೊಟ್ಟವರು ಯಾರು ಅಂತ ಪತ್ರಕರ್ತ ಬಾಯಿ ಬಿಡದಿದ್ದರೇನು, ಅವನ ಫೋನ್ ಪಟ್ಟಿ ಬಿಡುತ್ತದಲ್ಲ. ನಿವೃತ್ತ ಮುಖ್ಯ ನ್ಯಾಯಮೂರ್ತಿ ಜಾನ್ ಮರ್ರಿ ಅವರ ವರದಿ 2017ರಲ್ಲಿ ಹೊರಬಂತು. ಇದು ಇಡೀ ಜನತೆಯ ಮೇಲಿನ ಸಾಮೂಹಿಕ ಕಣ್ಗಾವಲು ಅಂತ ಅವರು ನೇರವಾಗಿಯೇ ಬರೆದರು.

ಇಲ್ಲಿಯ ತನಕ ಕೇಳಿದವರೆಲ್ಲ ನನ್ನ ಪಕ್ಷ. ಒಮ್ಮೆ ಯುಗಾದಿ ಊಟದಲ್ಲಿ ಪಕ್ಕದ ಎಲೆಯವರು ಕೇಳಿದ ಪ್ರಶ್ನೆಗೆ ಮಾತ್ರ ಒಬ್ಬಟ್ಟು ಗಂಟಲಲ್ಲೇ ನಿಂತಿತು. "ಆ ಕೊಲೆ ಕೇಸಿನವನಿಗೂ ಪ್ರೈವೆಸಿನಾ ಮೇಡಂ?"

ಅವರು ಕೇಳಿದ್ದು ಈ ದೇಶವನ್ನೇ ಅಲ್ಲಾಡಿಸಿದ ಕೇಸಿನ ಬಗ್ಗೆ. 2012ರ ಆಗಸ್ಟ್‌ನಲ್ಲಿ ಒಬ್ಬ ಮಹಿಳೆ ಕಾಣೆಯಾದರು. 2013ರ ಸೆಪ್ಟೆಂಬರ್‌ನಲ್ಲಿ ಅವರ ಅವಶೇಷ ಸಿಕ್ಕಿತು. ಅದೇ ಹೊತ್ತಿಗೆ, ಆ ವರ್ಷದ ಬೇಸಿಗೆಯಲ್ಲಿ ವಿಕ್ಲೋ ಕೌಂಟಿಯ ವಾರ್ಟ್ರಿ ಜಲಾಶಯದ ನೀರು ತಗ್ಗಿದ್ದರಿಂದ, ತಳದಲ್ಲಿ ಎಸೆದಿದ್ದ ವಸ್ತುಗಳು ಕಂಡವು. ಹುಡುಕಾಟದಲ್ಲಿ ಫೋನ್‌ಗಳೂ ಸಿಕ್ಕವು. 13 ತಿಂಗಳ ಹಿಂದಿನ ಕರೆ ವಿವರ ಕಂಪನಿಗಳ ಹತ್ತಿರ ಇನ್ನೂ ಇತ್ತು. ಯಾಕೆ? ಐರಿಷ್ ಕಾನೂನು ಫೋನ್ ವಿವರವನ್ನು 2 ವರ್ಷ ಇಡಿ ಅನ್ನುತ್ತಿತ್ತು. 2015ರಲ್ಲಿ ಅಪರಾಧಿ ಅಂತ ತೀರ್ಪಾದ ಮನುಷ್ಯ, ನಾವು ಹೆಮ್ಮೆ ಪಡುವ ಅದೇ 2014ರ ತೀರ್ಪನ್ನು ಹಿಡಿದುಕೊಂಡು ಆ ಕಾನೂನನ್ನು ಪ್ರಶ್ನಿಸಿದ. 2022ರ ಏಪ್ರಿಲ್‌ನಲ್ಲಿ ಲಕ್ಸೆಂಬರ್ಗ್ ಅವನ ವಾದ ಒಪ್ಪಿತು. ಗಂಭೀರ ಅಪರಾಧ ಅಂತ ಹೇಳಿ ಎಲ್ಲರ ವಿವರವನ್ನೂ ಸಾರಾಸಗಟಾಗಿ ಇಡುವಂತಿಲ್ಲ. ಆದರೂ ಶಿಕ್ಷೆ ಉಳಿಯಿತು, 2024ರಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿ ವಜಾ ಮಾಡಿತು. ಇಲ್ಲಿನ ಜನ ಎಲ್ಲಕ್ಕೂ "ಗ್ರ್ಯಾಂಡ್" ಅಂತಾರೆ, ಪರವಾಗಿಲ್ಲ ಅನ್ನೋ ಅರ್ಥದಲ್ಲಿ. ಇದಕ್ಕೆ ಮಾತ್ರ ಯಾರೂ ಗ್ರ್ಯಾಂಡ್ ಅನ್ನಲಿಲ್ಲ.

ಸರ್ಕಾರ 2022ರಲ್ಲೇ ಅವಸರದಲ್ಲಿ ಹೊಸ ಕಾನೂನು ತಂದಿತು. ಅದನ್ನು ಓದುವಾಗ ನನಗೆ ನಗು ಬಂತು. ಅದರಲ್ಲಿ ಸಂರಕ್ಷಣಾ ಆದೇಶ ಅಂತ ಒಂದಿದೆ. ಅನುಮಾನ ಬಂದ ಕೂಡಲೇ ಪೊಲೀಸರು ಜಡ್ಜ್ ಹತ್ತಿರ ಹೋಗಿ, ಇಂಥವರ ವಿವರ ಅಳಿಸಬೇಡಿ ಅಂತ ಕಂಪನಿಗೆ ಆದೇಶ ಕೊಡಿಸಬಹುದು. ನನ್ನ ನಾಲ್ಕು ಸಾಲಿನ ಇಮೇಲ್‌ನ ಸರ್ಕಾರಿ ಅವತಾರ! ಎಲ್ಲರದ್ದೂ ಕೂಡಿಡಬೇಡಿ, ಬೇಕಾದ್ದನ್ನು ಬೇಗ ಹಿಡಿದುಕೊಳ್ಳಿ. ನನಗೆ ಇದೇ ಸರಿ ಅನ್ನಿಸುತ್ತದೆ. ಆದರೆ ಯುಗಾದಿ ಊಟದವರಿಗೆ ಪೂರ್ತಿ ಉತ್ತರ ಇದರಲ್ಲಿಲ್ಲ. 13 ತಿಂಗಳು ಯಾರಿಗೂ ಕೊಲೆ ಅಂತಲೇ ಗೊತ್ತಿಲ್ಲದಿದ್ದರೆ, ಅಳಿಸಬೇಡಿ ಅಂತ ಯಾರು ಯಾರಿಗೆ ಬರೆಯಬೇಕು? ಅವತ್ತು "ಹೌದು, ಕಷ್ಟವೇ" ಅಂದು ಪಾಯಸ ಹಾಕಿಸಿಕೊಂಡೆ.

ನಾನು ಓಡಾಡುವ ಫೋರ್ ಕೋರ್ಟ್ಸ್ ಕಟ್ಟಡಕ್ಕೂ ಈ ಕಥೆ ಗೊತ್ತು. 1922ರ ಜೂನ್ 30ರಂದು ಅಂತರ್ಯುದ್ಧದಲ್ಲಿ ಅಲ್ಲಿನ ದಾಖಲೆ ಭಂಡಾರ ಸ್ಫೋಟಕ್ಕೆ ಸಿಕ್ಕಿ ಶತಮಾನಗಳ ಕಾಗದ ಬೂದಿಯಾಯಿತು. ಹಳೇ ಜನಗಣತಿಗಳೂ ಹೋದವು. ಆದರೆ 1881, 1891ರ ಗಣತಿ ಸುಟ್ಟದ್ದಲ್ಲ. ಮೊದಲ ಮಹಾಯುದ್ಧದಲ್ಲಿ ಕಾಗದದ ಅಭಾವ ಅಂತ ಸರ್ಕಾರವೇ ಅರೆದು ಮುಗಿಸಿತ್ತು. ಅಜ್ಜನ ಅಜ್ಜನನ್ನು ಹುಡುಕುವ ಐರಿಷರು ಇವತ್ತಿಗೂ ಹಲ್ಲು ಕಡಿಯುತ್ತಾರೆ.

ಹುಡುಗನ ವಿಷಯ ಅರ್ಧಕ್ಕೆ ಬಿಟ್ಟೆ. ಕ್ಯಾಮೆರಾ ಹೋಯಿತು ಸರಿ, ಬೇರೆ ಏನು ಉಳಿದಿರಬಹುದು ಅಂತ ಯೋಚಿಸಿದೆ. ಗೋದಾಮಿನ ಬಾಗಿಲುಗಳಿಗೆ ಕಾರ್ಡ್ ಉಜ್ಜಬೇಕು. ಆ ಲಾಗ್ 30 ದಿನಕ್ಕೆ ಅಳಿಸಿರಲಿಲ್ಲ. ತರಿಸಿದರೆ, ಆ ರಾತ್ರಿ ಹಿಂಬಾಗಿಲಲ್ಲಿ ಇವನ ಕಾರ್ಡ್ ಒಮ್ಮೆಯೂ ಬಿದ್ದಿಲ್ಲ. ಕೆಲಸದಿಂದ ತೆಗೆದ 6 ತಿಂಗಳೊಳಗೆ, ಕೆಲಸದ ತಕರಾರು ಕೇಳುವ ವರ್ಕ್‌ಪ್ಲೇಸ್ ರಿಲೇಶನ್ಸ್ ಕಮಿಷನ್‌ಗೆ ದೂರು ಕೊಡಬೇಕು, ಕೊಟ್ಟೆವು. ವಿಚಾರಣೆಗೆ ಮೊದಲೇ ಅವರು ರಾಜಿಗೆ ಬಂದರು. ದೃಶ್ಯ ಕೈಯಲ್ಲಿದ್ದಿದ್ದರೆ ಇನ್ನೂ ಗಟ್ಟಿಯಾಗಿ ಕೇಳುತ್ತಿದ್ದೆ. ಇದನ್ನು ಅವನಿಗೂ ಹೇಳಿದೆ, ತಪ್ಪು ನನ್ನದು ಅಂತ. "ಬಿಡಿ ಅಕ್ಕಾ" ಅಂದ.

ಬಿಟ್ಟಿಲ್ಲ ಅಂತ ಆಮೇಲೆ ಗೊತ್ತಾಯಿತು. ಕಳೆದ ಚಳಿಗಾಲದಲ್ಲಿ ಅವನ ಪರಿಚಯದ ಇನ್ನೊಬ್ಬ ಹುಡುಗ ಬಂದ, ಬೇರೆ ಕಂಪನಿ, ಬೇರೆ ತಕರಾರು. ಕೋಟು ಬಿಚ್ಚುವ ಮೊದಲೇ ಅಂದ, "ಅಕ್ಕಾ, ಇವತ್ತಿಗೆ ನಾಲ್ಕನೇ ದಿನ. ಇಮೇಲ್ ನಿನ್ನೆನೇ ಹಾಕಿದೀನಿ."