ದ್ವೀಪದ ಕಾಲಡಿಯ ತಣ್ಣೀರು

ಮಂಗಳೂರಿನ ಹಳೆ ಬಂದರಿನಲ್ಲಿ ಮಂಜಿಗೆ, ಅಂದರೆ ಸರಕು ಸಾಗಿಸುವ ಮರದ ಹಡಗಿಗೆ, ಸಾಮಾನು ತುಂಬುವುದನ್ನು ನೋಡುತ್ತಾ ನಿಂತರೆ ನನಗೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ. ಜಲ್ಲಿ, ಸಿಮೆಂಟ್ ಮೂಟೆ, ಈರುಳ್ಳಿ, ಬಾಳೆಗೊನೆ. ಎಲ್ಲವೂ ಲಕ್ಷದ್ವೀಪಕ್ಕೆ. 1956ರ ತನಕ ಅಮಿನಿ, ಕಡಮತ್, ಕಿಲ್ತಾನ್ ದ್ವೀಪಗಳ ಆಡಳಿತ ನಡೆಯುತ್ತಿದ್ದದ್ದು ಮಂಗಳೂರಿನಿಂದಲೇ. ಹಾಗಾಗಿ ಆ ದ್ವೀಪಗಳ ಸುದ್ದಿ ಬಂದರೆ ನನಗೆ ಪಕ್ಕದ ಮನೆಯ ಸುದ್ದಿ ಬಂದ ಹಾಗೆ.

ಅಲ್ಲಿ ಕರೆಂಟಿಗೆ ಜಾಸ್ತಿ ನಂಬಿಕೊಂಡಿರುವುದು ಡೀಸೆಲ್ ಜನರೇಟರನ್ನು. ಆ ಡೀಸೆಲ್ಲೂ ಸಮುದ್ರ ದಾಟಿಯೇ ಬರಬೇಕು. ಸೋಲಾರ್ ಹಾಕಬಹುದಲ್ಲ ಅಂತೀರಾ? ಹಾಕಿದ್ದಾರೆ, ಇನ್ನೂ ಹಾಕಲಿ. ಆದರೆ ಎಲ್ಲಾ ದ್ವೀಪ ಸೇರಿಸಿದರೂ ಇರುವ ನೆಲ ಸುಮಾರು 32 ಚದರ ಕಿಲೋಮೀಟರ್, ಅದರಲ್ಲೇ ಮನೆ, ತೆಂಗು, ಶಾಲೆ ಎಲ್ಲಾ ಆಗಬೇಕು. ಮಳೆಗಾಲದಲ್ಲಿ ಬಿಸಿಲೂ ಇಲ್ಲ, ರಾತ್ರಿಯಂತೂ ಇಲ್ಲವೇ ಇಲ್ಲ.

ಆದರೆ ಸಮುದ್ರ ಇದೆಯಲ್ವಾ? ಮೇಲಿನ ನೀರು ಸುಮಾರು 28 ಡಿಗ್ರಿ. ಹವಳದ ದ್ವೀಪ ಆದ್ದರಿಂದ ದಡ ಬಿಟ್ಟು ಸ್ವಲ್ಪ ದೂರಕ್ಕೇ ಆಳ ಶುರು. 350 ಮೀಟರ್ ಕೆಳಗೆ ನೀರು 12-13 ಡಿಗ್ರಿ, ಇನ್ನೂ ಇಳಿದರೆ ಇನ್ನೂ ತಂಪು. ಈ ವ್ಯತ್ಯಾಸ 20 ಡಿಗ್ರಿ ದಾಟಿದರೆ ಅದರಿಂದ ಟರ್ಬೈನ್ ತಿರುಗಿಸಬಹುದು. ಅಮೋನಿಯಾದಂಥ ಬೇಗ ಕುದಿಯುವ ದ್ರವವನ್ನು ಬೆಚ್ಚಗಿನ ನೀರು ಆವಿ ಮಾಡುತ್ತದೆ, ಆ ಆವಿ ಟರ್ಬೈನ್ ತಿರುಗಿಸುತ್ತದೆ, ಆಳದ ತಣ್ಣೀರು ಅದನ್ನು ಮತ್ತೆ ದ್ರವ ಮಾಡುತ್ತದೆ. ಹಗಲೂ ರಾತ್ರಿ, ಮಳೆಗಾಲದಲ್ಲೂ.

ಲಕ್ಷದ್ವೀಪದ ರಾಜಧಾನಿ ಕವರತ್ತಿಯಲ್ಲಿ ಇದರ ಅರ್ಧ ಕೆಲಸ ಆಗಲೇ ಆಗಿದೆ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ 2005ರಲ್ಲಿ ಅಲ್ಲಿ ದಿನಕ್ಕೆ 1 ಲಕ್ಷ ಲೀಟರ್ ಕುಡಿಯುವ ನೀರಿನ ಸ್ಥಾವರ ಕಟ್ಟಿತು. ಫ್ರಿಜ್‌ನಿಂದ ತೆಗೆದಿಟ್ಟ ತಂಬಿಗೆಯ ಹೊರಮೈ ಬೆವರುತ್ತದಲ್ಲ, ಅದೇ ಲೆಕ್ಕ. ಗಾಳಿ ತೆಗೆದ ಕೋಣೆಯಲ್ಲಿ ಮೇಲಿನ ಬೆಚ್ಚನೆ ನೀರು ಆವಿಯಾಗುತ್ತದೆ, ಆಳದ ತಣ್ಣೀರು ಹರಿಯುವ ಕೊಳವೆ ಮೇಲೆ ಸಿಹಿನೀರಾಗಿ ಹನಿಯುತ್ತದೆ. ಉಪ್ಪು ಹಿಂದೆಯೇ ಉಳಿಯುತ್ತದೆ. ನನಗೆ ಸಂಕಟವಾಗುವುದು ಇಲ್ಲಿ: ಇಷ್ಟು ಚೆಂದದ ಸ್ಥಾವರದ ಪಂಪು ತಿರುಗಲು ಮತ್ತೆ ಡೀಸೆಲ್ ಕರೆಂಟೇ ಬೇಕು. ಅದಕ್ಕೇ ಅದೇ ಸಂಸ್ಥೆ ಕವರತ್ತಿಗೆ ಕೈಗೆತ್ತಿಕೊಂಡ 65 ಕಿಲೋವ್ಯಾಟ್‌ನ ಸ್ಥಾವರದ ಮೇಲೆ ನನಗೆ ಇಷ್ಟು ಆಸೆ. ಸಮುದ್ರದ ಶಾಖದಿಂದಲೇ ಕರೆಂಟ್, ಅದೇ ಕರೆಂಟಿನಿಂದ ಕುಡಿಯುವ ನೀರು.

ಸುಲಭ ಅಂತ ನಾನು ಹೇಳುವುದಿಲ್ಲ. 1981ರಲ್ಲಿ ಪೆಸಿಫಿಕ್ ಸಾಗರದ ನೌರು ದ್ವೀಪದಲ್ಲಿ ಜಪಾನಿನವರು ಕಟ್ಟಿದ ಇಂಥದ್ದೇ ಸ್ಥಾವರ 120 ಕಿಲೋವ್ಯಾಟ್ ಕೊಟ್ಟಿತು, ಅದರಲ್ಲಿ ಸುಮಾರು 90 ಕಿಲೋವ್ಯಾಟ್ ಅದನ್ನು ನಡೆಸುವುದಕ್ಕೇ ಹೋಯಿತು, ಉಳಿದದ್ದರಲ್ಲಿ ಒಂದು ಶಾಲೆಗೆ ದೀಪ ಉರಿಯಿತು. ನಮ್ಮವರೂ 2000ದ ದಶಕದ ಆರಂಭದಲ್ಲಿ ತೂತ್ತುಕುಡಿ ಕಡಲಲ್ಲಿ 1 ಮೆಗಾವ್ಯಾಟ್‌ನ ಇಂಥ ಸ್ಥಾವರಕ್ಕೆ ಕೈಹಾಕಿದ್ದರು. ಯಂತ್ರ ಸಿದ್ಧವಿತ್ತು, ಆದರೆ ಇಳಿಸುವಾಗ ತಣ್ಣೀರಿನ ಉದ್ದನೆ ಪೈಪೇ ಸಮುದ್ರಪಾಲಾಯಿತು. ಈ ವಿದ್ಯೆಯಲ್ಲಿ ಪೈಪೇ ಎಲ್ಲಾ.

ಆದರೂ ಜಪಾನಿನ ಕುಮೆಜಿಮಾ ದ್ವೀಪದಲ್ಲಿ 2013ರಿಂದ 100 ಕಿಲೋವ್ಯಾಟ್‌ನ ಘಟಕವಿದೆ. ಅಲ್ಲಿ ಮೇಲೆತ್ತಿದ ಆಳದ ನೀರನ್ನು ಸುಮ್ನೆ ಚೆಲ್ಲುವುದಿಲ್ಲ, ಸಿಗಡಿ ಸಾಕಲು, ಸಮುದ್ರ ದ್ರಾಕ್ಷಿ ಅನ್ನುವ ಪಾಚಿ ಬೆಳೆಯಲು ಬಳಸುತ್ತಾರೆ. ಸಮುದ್ರದ ಈ ಕರೆಂಟನ್ನು ಬೆಂಗಳೂರಿನ ಯೂನಿಟ್ ದರದ ಜೊತೆ ಹೋಲಿಸಿ ದುಬಾರಿ ಅನ್ನುವವರಿಗೆ ನನ್ನದೊಂದೇ ಮಾತು: ಕವರತ್ತಿಗೆ ಹಡಗಿನಲ್ಲಿ ಬರುವ ಡೀಸೆಲ್ ಜೊತೆ ಹೋಲಿಸಿ, ಜೊತೆಗೆ ಸಿಗುವ ಆ ಲಕ್ಷ ಲೀಟರ್ ನೀರನ್ನೂ ಲೆಕ್ಕಕ್ಕೆ ಹಿಡಿಯಿರಿ.